ಇಪ್ಪತ್ತೊಂಬತ್ತನೆಯ ಮೈಲುಕಲ್ಲಿನ ಹಾಜರಿ ಪುಸ್ತಕ

ಡೊಂಬಯ್ಯ ಗೌಡರು ರಸ್ತೆ ದುರಸ್ತಿ ಮಾಡುವ ಮಾರ್ಗದ ಗ್ಯಾಂಗಿನಿಂದ ನಿವೃತ್ತರಾಗಿ ಮೂರು ವರ್ಷವಾಯಿತು. ಆದರೂ ಬೆಳಿಗ್ಗೆ ಆರೂವರೆಗೆ ಹೆಗಲ ಮೇಲೆ ಹಾರೆ, ಅಂದರೆ ಗುದ್ದಲಿ, ಇಟ್ಟುಕೊಂಡು ಮನೆಯಿಂದ ಹೊರಡುವುದನ್ನು ಅವರು ನಿಲ್ಲಿಸಿಲ್ಲ. ಊರಿನವರೆಲ್ಲ ಡೊಂಬಯ್ಯಣ್ಣ ಎಂದು ಕರೆಯುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ. ವಯಸ್ಸಿನಲ್ಲಿ ಅವರು ನನಗೆ ಅಜ್ಜನಾಗಬೇಕು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಬೇಲಿ ಮಾತ್ರ. ಮಾತಾಡಿದ್ದೆಲ್ಲ ತುಳುವಿನಲ್ಲಿ, ನನಗೆ ತಿಳಿದಷ್ಟು ಕನ್ನಡದಲ್ಲಿ ಇಳಿಸಿದ್ದೇನೆ.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವಾಗ ಮಡಂತ್ಯಾರು ದಾಟಿ ಸ್ವಲ್ಪ ಮುಂದೆ ಹೆದ್ದಾರಿ ಈಗ ನೇರ ಹೋಗುತ್ತದೆ. ಅಗಲ ಮಾಡುವ ಮೊದಲು ಅದು ಎಡಕ್ಕೆ ತಿರುಗಿ, ಗುಡ್ಡದ ಬುಡವನ್ನು ಸುತ್ತಿ, ಮೋರಿ ಎನ್ನುವ ಒಂದು ಸಣ್ಣ ಕಲ್ಲಿನ ಸೇತುವೆಯನ್ನು ದಾಟಿ ಮತ್ತೆ ಬಂದು ಸೇರುತ್ತಿತ್ತು. ಆ ಸುತ್ತಿನ ತುಂಡು ಹಾಗೆಯೇ ಉಳಿದಿದೆ. ಡೊಂಬಯ್ಯಣ್ಣನ ಲೆಕ್ಕದಲ್ಲಿ ಅದರ ಉದ್ದ ಒಂದು ಮೈಲು ಎರಡು ಫರ್ಲಾಂಗು. ನಾನು ಫೋನು ಹಿಡಿದು ನಡೆದು ನೋಡಿದೆ, ಎರಡು ಕಿಲೋಮೀಟರಿಗೆ ಹನ್ನೆರಡು ಮೀಟರ್ ಹೆಚ್ಚು ಬಂತು. ಅವರ ಲೆಕ್ಕ ಸರಿ. ಕಂಪನಿಯವರ ಕಾಲದಲ್ಲಿ ಕರಾವಳಿಯಿಂದ ಘಟ್ಟಕ್ಕೆ ದಂಡು ಹೋಗಲಿಕ್ಕೆ ಮಾಡಿದ ಮಾರ್ಗ ಅದು ಎಂದು ಹಿರಿಯರು ಹೇಳುತ್ತಾರೆ. ಹಾಗಾಗಿ ನಮ್ಮಲ್ಲಿ ಅದಕ್ಕೆ ದಂಡಿನ ಮಾರ್ಗ ಎಂದೇ ಹೆಸರು. ದಾಖಲೆಯನ್ನು ನಾನು ನೋಡಿಲ್ಲ. ಮೋರಿಯ ಹತ್ತಿರ, ಹೆದ್ದಾರಿಗೆ ಕಾಣುವ ಹಾಗೆ, ಒಂದು ಮೈಲುಕಲ್ಲು ಇದೆ, ಅದರ ಮೇಲೆ ೨೯ ಎಂದು ಕೆತ್ತಿದೆ. ಅದನ್ನು ಮಾತ್ರ ನೋಡಿದ್ದೇನೆ.

ಈ ತುಂಡಿನ ಬದಿಯಲ್ಲಿ ಮನೆಗಳಿಲ್ಲ. ಬಸ್ಸು ಹೋಗುವುದಿಲ್ಲ. ಆದರೂ ಅದರ ಚರಂಡಿಯಲ್ಲಿ ಒಂದು ತರಗೆಲೆ ನಿಂತದ್ದನ್ನು ನಾನು ನೋಡಿಲ್ಲ, ಮೋರಿಯ ಕಲ್ಲಿನ ಸಂದಿನಲ್ಲಿ ಒಂದು ಅಶ್ವತ್ಥದ ಮೊಳಕೆಯನ್ನೂ ನೋಡಿಲ್ಲ. ಮೈಲುಕಲ್ಲಿಗೂ ಉಳಿದಿರುವ ಐದು ಫರ್ಲಾಂಗು ಕಲ್ಲುಗಳಿಗೂ ವರ್ಷಕ್ಕೆ ಎರಡು ಸಲ ಸುಣ್ಣ ಬೀಳುತ್ತದೆ. ಸುಣ್ಣ ಡೊಂಬಯ್ಯಣ್ಣನದ್ದೇ, ಕುಂಚವೂ ಅವರದ್ದೇ.

ಅವರು ಹತ್ತೊಂಬತ್ತನೆಯ ವಯಸ್ಸಿನಲ್ಲಿ ದಿನಗೂಲಿಗೆ ಗ್ಯಾಂಗಿಗೆ ಸೇರಿದವರು. ಖಾಯಂ ಆಗುವಾಗ ಇಪ್ಪತ್ತೆಂಟು. ಏಳನೆಯ ತರಗತಿಯವರೆಗೆ ಓದಿದ್ದರಿಂದ ಅಕ್ಷರ ದುಂಡಗೆ ಬರುತ್ತಿತ್ತು. ಅವರು ಸೇರಿದ ಹೊಸತರಲ್ಲಿ ಗ್ಯಾಂಗಿನ ಮೇಸ್ತ್ರಿಯೊಬ್ಬ ಬಾರದ ದಿನಗಳಿಗೂ ತನ್ನ ಹೆಸರಿಗೆ ತಾನೇ ಹಾಜರಿ ಹಾಕಿಕೊಂಡು ಸಿಕ್ಕಿಬಿದ್ದಿದ್ದನಂತೆ. ಆಮೇಲೆ ಹಾಜರಿ ಪುಸ್ತಕ ಡೊಂಬಯ್ಯಣ್ಣನ ಕೈಗೆ ಬಂತು, ನಿವೃತ್ತಿಯವರೆಗೂ ಅವರ ಕೈಯಲ್ಲೇ ಇತ್ತು. ಅಷ್ಟು ವರ್ಷ ತನ್ನ ಹೆಸರಿನ ಮುಂದೆ ತಾನು ಒಂದು ದಿನವೂ ಗೆರೆ ಎಳೆಯಲಿಲ್ಲ, ಬೇರೆಯವರಿಂದಲೇ ಎಳೆಸಿದೆ ಎಂದು ಅವರು ನನಗೆ ಎರಡು ಮೂರು ಸಲ ಹೇಳಿದ್ದಾರೆ. ಹೆಮ್ಮೆಯಿಂದ ಹೇಳುವುದಲ್ಲ. ಬೀಗ ಹಾಕಿ ಬಂದೆ ಎನ್ನುವ ಹಾಗೆ ಹೇಳುತ್ತಾರೆ.

ತೊಂದರೆ ಶುರುವಾದದ್ದು ಕಳೆದ ಅಕ್ಟೋಬರಿನಲ್ಲಿ. ಒಂದು ಭಾನುವಾರ ಅವರು ಮೋರಿಯ ಹತ್ತಿರ ಹೋದಾಗ ಬೆನ್ನಿಗೆ ಚೀಲ ಹಾಕಿದ ಇಬ್ಬರು ಮೊಣಕಾಲೂರಿ ಕಲ್ಲಿನ ಸಂದುಗಳಲ್ಲಿ ಕೈ ಹಾಕುತ್ತಿದ್ದರು. ಯಾರಾದರೂ ಏನಾದರೂ ಹುಡುಕುತ್ತಿದ್ದರೆ ನಮ್ಮ ಕಡೆ ಯಾರೂ ಸುಮ್ಮನೆ ದಾಟಿ ಹೋಗುವುದಿಲ್ಲ. ಡೊಂಬಯ್ಯಣ್ಣ ಹಾರೆ ಕೆಳಗಿಟ್ಟು ಕೇಳಿದರಂತೆ.

“ಎಂತ ಬಿದ್ದದ್ದು?”

“ಎಂತ ಇಲ್ಲ, ಹಾಗೇ ಸುಮ್ಮನೆ” ಎಂದು ಆ ಇಬ್ಬರು ಎದ್ದು ನಿಂತರು. ಕೈಯೆಲ್ಲ ಮಣ್ಣು. ಇವರು ಅಲ್ಲಿಂದ ಕದಲಲಿಲ್ಲ. ಅವರು ಫೋನು ನೋಡಿದರು, ಆಕಾಶ ನೋಡಿದರು, ಕೊನೆಗೆ ಬೈಕು ಹತ್ತಿ ಹೋದರು. ಅವರು ಕಿತ್ತಿಟ್ಟಿದ್ದ ಎರಡು ಕಲ್ಲುಗಳನ್ನು ಸರಿಮಾಡಲು ಡೊಂಬಯ್ಯಣ್ಣ ಕೈ ಹಾಕಿದಾಗ ಒಳಗೆ ಒಂದು ಹಸಿರು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಅದರಲ್ಲಿ ಒಂದು ಸಣ್ಣ ಪುಸ್ತಕ, ಒಂದು ತುಂಡು ಪೆನ್ಸಿಲು.

ಯಾರದೋ ಡಬ್ಬಿ ಬಿಟ್ಟುಹೋಗಿದೆ ಎಂದು ಅವರು ಅದನ್ನು ಮನೆಗೆ ತಂದರು. ಅವರ ಹೆಂಡತಿ ಕಾವೇರಮ್ಮ ಅದನ್ನು ಸಾಬೂನು ಹಾಕಿ ತೊಳೆದು ಅಂಗಳದಲ್ಲಿ ಕವುಚಿ ಹಾಕಿದರು. ಪುಸ್ತಕದ ಮೊದಲ ಪುಟದಲ್ಲಿ ಒಂದು ಫೋನ್ ನಂಬರ್ ಇತ್ತು. ಮರುದಿನ ಮೂಡುಬಿದಿರೆಯಿಂದ ಬೈಕಿನಲ್ಲಿ ಒಬ್ಬರು ಧಾವಿಸಿ ಬಂದರು. ಹೆಸರು ಶಿಶಿರ್, ಅಲ್ಲಿನ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುವವರು. ಅಂಗಳದಲ್ಲಿ ಬಿಸಿಲಿಗೆ ಒಣಗುತ್ತಿದ್ದ ಡಬ್ಬಿಯನ್ನು ಅವರು ಎತ್ತಿ ತಿರುಗಿಸಿ ನೋಡಿದರು. ಕಾವೇರಮ್ಮ ಬೆಲ್ಲ ನೀರು ಕೊಟ್ಟ ಮೇಲೆ ವಿವರಿಸಿದರು.

ಇದೊಂದು ಆಟ. ಹೆಸರು ಜಿಯೋಕ್ಯಾಶಿಂಗ್. ಒಬ್ಬರು ಒಂದು ಜಾಗದಲ್ಲಿ ಡಬ್ಬಿ ಅಡಗಿಸಿ ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಆ್ಯಪಿನಲ್ಲಿ ಹಾಕುತ್ತಾರೆ. ಬೇರೆಯವರು ಫೋನು ಹಿಡಿದು ಬಂದು ಹುಡುಕುತ್ತಾರೆ. ಸಿಕ್ಕಿದರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ದಾರಿಯಲ್ಲಿ ಹೋಗುವವರಿಗೆ ಗುಟ್ಟು ಬಿಟ್ಟುಕೊಡಬಾರದು. ಶಿಶಿರ್ ಸರ್ ದಂಡಿನ ಮಾರ್ಗದ ಉಳಿದ ತುಂಡುಗಳನ್ನು ಹುಡುಕಿ ಫರಂಗಿಪೇಟೆಯಿಂದ ಘಟ್ಟದ ಬುಡದವರೆಗೆ ಹನ್ನೊಂದು ಡಬ್ಬಿ ಇಟ್ಟಿದ್ದರು. ಮೋರಿಯದ್ದು ಏಳನೆಯದು. ಎರಡು ವರ್ಷದಲ್ಲಿ ಮೂವತ್ತೇಳು ಜನ ಬಂದು ಹೋಗಿದ್ದರು.

ದಿನಾ ಆ ಮೋರಿಯ ಮೇಲೆ ಕುಳಿತು ಎಲೆಯಡಿಕೆ ಹಾಕುವ ಡೊಂಬಯ್ಯಣ್ಣನಿಗೆ ಎರಡು ವರ್ಷ ಅದು ಗೊತ್ತಾಗಿರಲಿಲ್ಲ. ಅದೇ ಅವರಿಗೆ ಮೊದಲ ಕಿರಿಕಿರಿ. ಕಾವೇರಮ್ಮ ಬಿಡಲಿಲ್ಲ.

“ಮಾರ್ಗದಲ್ಲಿ ಒಂದು ಕಡ್ಡಿ ಬಿದ್ದರೆ ಗೊತ್ತಾಗ್ತದೆ ಅಂತ ಹೇಳುವವರು. ಬುಡದಲ್ಲೇ ಡಬ್ಬಿ ಇತ್ತಲ್ಲ.”

ಅವರು ಡಬ್ಬಿಯನ್ನು ತಾನೇ ತೆಗೆದುಕೊಂಡು ಹೋಗಿ ಅದೇ ಸಂದಿನಲ್ಲಿ ಇಟ್ಟು ಬಂದರು. ಕಲ್ಲನ್ನು ಮೊದಲಿಗಿಂತ ಚೆನ್ನಾಗಿ ಕೂರಿಸಿದ್ದರಿಂದ ಮುಂದಿನ ವಾರ ಬಂದ ಮೂವರಿಗೆ ಅದು ಸಿಗಲೇ ಇಲ್ಲ ಎಂದು ಆಮೇಲೆ ತಿಳಿಯಿತು.

ಡಿಸೆಂಬರಿನ ಗ್ರಾಮಸಭೆಯಲ್ಲಿ ಎರಡನೆಯ ತೊಂದರೆ ಬಂತು. ಹೆದ್ದಾರಿ ಕೆಲಸದಲ್ಲಿ ಅಗೆದ ಮಣ್ಣನ್ನು ಹಾಕಲಿಕ್ಕೆ ಜಾಗ ಬೇಕಾಗಿತ್ತು. ಟಿಪ್ಪರಿನವರು ಎಂಟು ಕಿಲೋಮೀಟರ್ ದೂರ ಹೋಗಿ ಸುರಿಯುತ್ತಿದ್ದರು. ದಂಡಿನ ಮಾರ್ಗದ ನಮ್ಮ ತುಂಡು ತಗ್ಗಿನಲ್ಲಿದೆ, ಅದನ್ನು ತುಂಬಿಸಿ ಸಮ ಮಾಡಿದರೆ ಮುಂದೆ ವಾಹನ ನಿಲ್ಲಿಸಲಿಕ್ಕೂ ಆಗುತ್ತದೆ ಎಂದು ಒಂದು ಅರ್ಜಿ ಬಂದಿತ್ತು. ಪಿಡಿಒ ಮೇಡಂ ಅದನ್ನು ಓದಿದರು. ಅದರಲ್ಲಿ ಒಂದು ಮಾತಿತ್ತು, ‘ಬಳಕೆಯಲ್ಲಿಲ್ಲದ ಮಾರ್ಗ’. ನಾನು ಅಮ್ಮನ ಪಕ್ಕ ಹಿಂದಿನ ಬೆಂಚಿನಲ್ಲಿದ್ದೆ. ಡೊಂಬಯ್ಯಣ್ಣ ಎದ್ದು ನಿಂತದ್ದು ಕಾಣಿಸಿತು.

“ಬಳಕೆಯಲ್ಲಿ ಉಂಟು ಮೇಡಂ.”

“ಯಾರು ಬಳಸ್ತಾರೆ?”

“ಜನ ಬರ್ತಾರೆ.”

ಯಾರೋ ನಕ್ಕರು. ಮೇಡಂ ನಗಲಿಲ್ಲ. ಬಾಯಿಮಾತು ಕಡತಕ್ಕೆ ಹೋಗುವುದಿಲ್ಲ, ಜನ ಓಡಾಡುತ್ತಾರೆ ಎಂದು ಬರವಣಿಗೆಯಲ್ಲಿ ಏನಾದರೂ ಇದ್ದರೆ ಮಾರ್ಚಿನ ಸಭೆಗೆ ತನ್ನಿ, ಅಲ್ಲಿಯವರೆಗೆ ಮಣ್ಣು ಹಾಕಲಿಕ್ಕೆ ಒಪ್ಪಿಗೆ ಕೊಡುವುದಿಲ್ಲ ಎಂದರು. ಅದು ನ್ಯಾಯವಾದ ಮಾತೇ. ಆದರೆ ಖಾಯಂ ಆದಲ್ಲಿಂದ ಮೂವತ್ತೈದು ಮಳೆಗಾಲ ಆ ಚರಂಡಿಯನ್ನು ಬಿಡಿಸಿದ ಮನುಷ್ಯನಿಗೆ ಮೂರು ತಿಂಗಳ ಅವಧಿ ಕೊಟ್ಟಂತಾಯಿತು. ಮಣ್ಣು ಬಿದ್ದರೆ ಮೋರಿಯೂ ಹೋಗುತ್ತದೆ, ಕಲ್ಲೂ ಹೋಗುತ್ತದೆ, ಬೆಳಿಗ್ಗೆ ಆರೂವರೆಗೆ ಹೊರಡಲಿಕ್ಕೆ ಒಂದು ಜಾಗವೂ ಇರುವುದಿಲ್ಲ.

ಸಭೆಯಿಂದ ಅವರು ನೇರ ಮೋರಿಗೆ ಹೋದರು, ಡಬ್ಬಿ ತೆಗೆದರು, ಪುಸ್ತಕ ನಮ್ಮ ಮನೆಗೆ ತಂದರು. ಬರವಣಿಗೆ ಬೇಕು ಅಂದರಲ್ಲ, ಇಗೋ ಬರವಣಿಗೆ ಎಂದರು. ಹೆಸರುಗಳು ಇಂಗ್ಲಿಷಿನಲ್ಲಿದ್ದುದರಿಂದ ನನ್ನ ಹತ್ತಿರ ಓದಿಸಿದರು. ಪಿಯುಸಿ ಅರ್ಧಕ್ಕೆ ಬಿಟ್ಟು ಮನೆಯಲ್ಲಿದ್ದ ನನ್ನಲ್ಲಿ ಯಾರೂ ಏನನ್ನೂ ಓದಿಸುತ್ತಿರಲಿಲ್ಲ. ನಾನು ತಪ್ಪಿಲ್ಲದ ಹಾಗೆ ನಿಧಾನ ಓದಿದೆ. ಕಾಡುಕೋಳಿ ಎಪ್ಪತ್ತೇಳು. ಕೆಸರು ಬೂಟು. ಕ್ಯಾಪ್ಟನ್ ಇಡ್ಲಿ. ಹಾದಿ ತಪ್ಪಿದವ.

“ಇದು ಹೆಸರಾ?” ಎಂದು ಅವರು ಕೇಳಿದರು.

ಆಟದಲ್ಲಿ ಹೀಗೆಯೇ ಅಡ್ಡಹೆಸರು ಬರೆಯುವುದು ಎಂದು ನಾನು ಹೇಳಿದೆ.

“ಕ್ಯಾಪ್ಟನ್ ಇಡ್ಲಿ ಹೋಗಿದ್ದಾನೆ ಅಂತ ಮೇಡಂಗೆ ಹೇಗೆ ಹೇಳುವುದು?”

ಅವರು ಪುಸ್ತಕವನ್ನು ಡಬ್ಬಿಗೆ ಹಾಕಿ ಮುಚ್ಚಳವನ್ನು ಜೋರಾಗಿ ಒತ್ತಿದರು. ಮರುದಿನ ಗುರುವಾಯನಕೆರೆಯಿಂದ ಒಂದು ಉದ್ದ ನೋಟುಪುಸ್ತಕ ತಂದು, ಉಕ್ಕಿನ ಸ್ಕೇಲು ಇಟ್ಟು ಗೆರೆ ಎಳೆದರು. ಕ್ರಮ ಸಂಖ್ಯೆ, ತಾರೀಕು, ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಬಂದ ಕಾರಣ, ಸಹಿ. ಪ್ರತಿ ಪುಟದಲ್ಲೂ ಏಳು ಮನೆಗಳು, ಒಂದು ಗೆರೆಯೂ ಸೊಟ್ಟಗಾಗಿರಲಿಲ್ಲ. ರಟ್ಟಿನ ಮೇಲೆ ‘ಹಾಜರಿ ಪುಸ್ತಕ, ೨೯ನೇ ಮೈಲು’ ಎಂದು ಬರೆದರು.

ಅಲ್ಲಿಂದ ಮುಂದೆ ಪ್ರತಿ ಶನಿವಾರ, ಭಾನುವಾರ ಅವರು ಕೊಡೆ ಹಿಡಿದು ಮೋರಿಯ ಮೇಲೆ ಕುಳಿತರು. ಯಾರಾದರೂ ಬೈಕು ನಿಲ್ಲಿಸಿ ಫೋನು ನೋಡುತ್ತಾ ಬಂದರೆ, ಅವರು ಕೇಳುವ ಮೊದಲೇ ಸಂದಿನಿಂದ ಡಬ್ಬಿ ತೆಗೆದು ಅವರ ಕೈಗೆ ಕೊಡುತ್ತಿದ್ದರು. ಅಷ್ಟು ದೂರದಿಂದ ಬಂದವರನ್ನು ಬಿಸಿಲಿನಲ್ಲಿ ಹುಡುಕಲು ಬಿಟ್ಟು ನೋಡಿಕೊಂಡು ಕೂರುವುದು ಅವರಿಗೆ ಆಗುತ್ತಿರಲಿಲ್ಲ. ಹುಡುಕಿದರೆ ಚರಂಡಿಯ ಅಂಚು ಜರಿಯುತ್ತದೆ ಎಂಬುದೂ ಇತ್ತು. ಡಬ್ಬಿಯ ಜೊತೆ ಕಾವೇರಮ್ಮ ಕೊಟ್ಟ ಬಾಟ್ಲಿಯಿಂದ ನೀರು, ಒಂದು ತುಂಡು ಬೆಲ್ಲ. ನೀರು ಕುಡಿದಾದ ಮೇಲೆ ಹಾಜರಿ ಪುಸ್ತಕ.

ಟಿಪ್ಪರ್ ಓಡಿಸುವ ಅಸ್ಕರ್ ಹೆದ್ದಾರಿಯಲ್ಲಿ ಹೋಗುವಾಗಲೆಲ್ಲ ನಿಧಾನ ಮಾಡಿ ತಮಾಷೆ ಮಾಡುತ್ತಿದ್ದ. ಮಣ್ಣು ಇಲ್ಲೇ ಹಾಕಲಿಕ್ಕಾದರೆ ದಿನಕ್ಕೆ ನಾಲ್ಕು ಟ್ರಿಪ್ಪು ಹೆಚ್ಚು ಹೊಡೆಯಬಹುದಾಗಿದ್ದ ಅವನಿಗೂ ಒಂದು ಸಣ್ಣ ಸಿಟ್ಟಿತ್ತು.

“ಡೊಂಬಯ್ಯಣ್ಣ, ಮೋರಿಯಲ್ಲಿ ಕ್ಯಾಶ್ ಉಂಟಂತೆ, ಬ್ಯಾಂಕು ಯಾವಾಗ ಓಪನ್?”

“ಕ್ಯಾಶ್ ಅಂದ್ರೆ ದುಡ್ಡಲ್ಲ ಮಾರಾಯ. ಡಬ್ಬಿ.”

“ಖಾಲಿ ಡಬ್ಬಿಗೆ ಕೊಡೆ ಹಿಡಿದು ಕಾವಲು ಕೂತದ್ದಾ?”

ಖಾಲಿ ಅಲ್ಲ, ಪುಸ್ತಕ ಉಂಟು ಎಂದು ಅವರು ಹೇಳುವಷ್ಟರಲ್ಲಿ ಅವನು ಹೋಗಿರುತ್ತಿದ್ದ.

ಬಂದವರಲ್ಲಿ ಕೆಲವರು ನಗುತ್ತಾ ಎಲ್ಲ ಮನೆ ತುಂಬಿಸಿದರು. ಮೆಲ್ಕಾರಿನ ಕಾಲೇಜಿನಿಂದ ಬಂದ ನಾಲ್ವರು ಹುಡುಗಿಯರು ಕಾರಣದ ಮನೆಯಲ್ಲಿ ‘ಇತಿಹಾಸ ಅಧ್ಯಯನ’ ಎಂದು ಬರೆದರು. ಅದು ಡೊಂಬಯ್ಯಣ್ಣನಿಗೆ ತುಂಬಾ ಇಷ್ಟವಾಗಿ ನನ್ನನ್ನು ಕರೆದು ತೋರಿಸಿದರು. ಹೆಚ್ಚಿನವರು ಫೋನ್ ನಂಬರ್ ಕೂಡ ಬೇಕಾ, ಇದು ಯಾವ ಇಲಾಖೆಯದ್ದು, ಚುನಾವಣೆಗಾ ಎಂದು ಅನುಮಾನದಿಂದ ಕೇಳಿದರು. ಜನವರಿಯಲ್ಲಿ ಬೈಕಿನಲ್ಲಿ ಒಂದು ಜೋಡಿ ಬಂತು. ಅವರು ಡಬ್ಬಿ ನೋಡಿದರು, ನೀರು ಕುಡಿದರು, ಪುಸ್ತಕ ತೆರೆದರು. ತಂದೆಯ ಹೆಸರು ಎಂಬಲ್ಲಿಗೆ ಬಂದಾಗ ಹುಡುಗಿ ಪೆನ್ನು ಕೆಳಗಿಟ್ಟಳು.

“ನನ್ನ ಅಪ್ಪನ ಹೆಸರು ನಿಮಗೆ ಯಾಕೆ?”

“ಪೂರ್ತಿ ಬರೀಬೇಕಲ್ಲಮ್ಮ, ಇಲ್ಲದಿದ್ರೆ ನಡಿಯುವುದಿಲ್ಲ.”

ಹುಡುಗ ಬೈಕು ಚಾಲೂ ಮಾಡಿದ. ಅವರು ಡಬ್ಬಿಯ ಪುಸ್ತಕದಲ್ಲೂ ಬರೆಯದೆ ಹೋದರು. ಡೊಂಬಯ್ಯಣ್ಣನಿಗೆ ಇದರಲ್ಲಿ ತಪ್ಪೇನು ಎಂದು ನಿಜವಾಗಿಯೂ ಅರ್ಥವಾಗಲಿಲ್ಲ. ಮನೆಯಲ್ಲಿ ಹೇಳದೆ ಬಂದವರಾಗಿರಬೇಕು ಎಂದು ಕಾವೇರಮ್ಮ ಕೂಡಲೇ ಹೇಳಿದರು. ಹಾಗಾದರೆ ಗಂಡನ ಹೆಸರು ಬರೆಯಬಹುದಿತ್ತಲ್ಲ ಎಂದರಂತೆ ಇವರು. ಕಾವೇರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಫೆಬ್ರವರಿ ಎರಡನೆಯ ವಾರ ಶಿಶಿರ್ ಸರ್ ಬಂದರು. ಈ ಸಲ ಬೆಲ್ಲ ನೀರು ಮುಟ್ಟಲಿಲ್ಲ. ಬಂದವರು ಆ್ಯಪಿನಲ್ಲಿ ಬರೆದದ್ದನ್ನು ನನಗೆ ಕೊಟ್ಟು ಡೊಂಬಯ್ಯಣ್ಣನಿಗೆ ಓದಿ ಹೇಳಲು ಹೇಳಿದರು. ನನಗೆ ಅದು ಕಷ್ಟದ ಕೆಲಸವಾಯಿತು, ಆದರೂ ಒಂದು ಸಾಲೂ ಬಿಡದೆ ಹೇಳಿದೆ. ಹುಡುಕುವ ಮೊದಲೇ ಒಬ್ಬ ಹಿರಿಯರು ಡಬ್ಬಿಯನ್ನು ಕೈಯಲ್ಲಿಟ್ಟರು, ನಮ್ಮ ಆಟ ಅಲ್ಲಿಗೇ ಮುಗಿಯಿತು. ನೂರ ಹತ್ತು ಕಿಲೋಮೀಟರ್ ಬಂದದ್ದು ಬೆಲ್ಲ ತಿನ್ನಲಿಕ್ಕಾಯಿತು. ಇಲ್ಲಿ ಪೊಲೀಸ್ ಠಾಣೆಯ ಹಾಗೆ ವಿಚಾರಣೆ ಇದೆ, ಹುಷಾರು. ಕೊನೆಯಲ್ಲಿ ಆ್ಯಪು ನಡೆಸುವವರ ಕಡೆಯಿಂದ ಒಂದು ಸೂಚನೆ ಇತ್ತು. ಇದನ್ನು ಸರಿಪಡಿಸದಿದ್ದರೆ ಏಳನೆಯ ಡಬ್ಬಿಯನ್ನು ಪಟ್ಟಿಯಿಂದ ತೆಗೆಯಲಾಗುವುದು.

“ಡೊಂಬಯ್ಯಣ್ಣ, ಹುಡುಕುವುದೇ ಆಟ. ನೀವು ಕೈಯಲ್ಲಿ ಕೊಟ್ಟರೆ ಆಟ ಎಲ್ಲಿ ಉಳಿಯಿತು?” ಎಂದರು ಶಿಶಿರ್ ಸರ್.

“ಬಂದವರನ್ನು ಹುಡುಕಿಸುವುದು ಮರ್ಯಾದೆಯಾ ಮಾಸ್ಟ್ರೇ? ನೀವು ನಮ್ಮ ಮನೆಗೆ ಬಂದಾಗ ನಾವು ಚೊಂಬು ಅಡಗಿಸಿ ಇಟ್ಟೆವಾ?”

“ಅವರು ಹುಡುಕಲಿಕ್ಕೇ ಬರುವುದು.”

“ನನಗೆ ಅವರ ಹೆಸರು ಬೇಕು. ಮಣ್ಣು ಬಿದ್ದ ಮೇಲೆ ನಿಮ್ಮ ಡಬ್ಬಿ ಎಲ್ಲಿ ಇಡ್ತೀರಿ?”

ಶಿಶಿರ್ ಸರ್‌ಗೆ ಮಣ್ಣಿನ ವಿಷಯ ಗೊತ್ತಿರಲಿಲ್ಲ. ಗೊತ್ತಾದಾಗ ಅವರ ಸಿಟ್ಟು ಕಡಿಮೆಯಾಗಲಿಲ್ಲ, ಎರಡಾಯಿತು. ಮೊದಲೇ ಹೇಳಿದ್ದರೆ ಹತ್ತು ಜನರಿಂದ ಪತ್ರ ಬರೆಸುತ್ತಿದ್ದೆ, ಈಗ ಬರುವವರನ್ನೆಲ್ಲ ನೀವೇ ಓಡಿಸಿದಿರಿ ಎಂದರು. ಎರಡು ವರ್ಷ ರಜೆಯ ದಿನಗಳಲ್ಲಿ ಹಳೆಯ ನಕ್ಷೆ ಹಿಡಿದು ಅಲೆದು ಮಾಡಿದ ಸಾಲು, ಏಳನೆಯದು ಹೋದರೆ ನಡುವೆ ತುಂಡಾಗುತ್ತದೆ ಎಂದೂ ಹೇಳಿದರು. ಆಮೇಲೆ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಹೋದರು. ಆ ದಿನದಿಂದ ಮಾರ್ಗದಲ್ಲಿ ಯಾರೂ ಬರಲಿಲ್ಲ. ಡೊಂಬಯ್ಯಣ್ಣ ನಾಲ್ಕು ಭಾನುವಾರ ಕೊಡೆ ಹಿಡಿದು ಕೂತರು. ಐದನೆಯ ಭಾನುವಾರವೂ ಹೋದರು, ಕೊಡೆ ಮನೆಯಲ್ಲೇ ಇತ್ತು.

ಮಾರ್ಚಿನ ಸಭೆಗೆ ಅವರು ಇಸ್ತ್ರಿ ಹಾಕಿದ ಅಂಗಿಯಲ್ಲಿ ಹೋದರು. ಹಾಜರಿ ಪುಸ್ತಕದಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಪಿಡಿಒ ಮೇಡಂ ಒಂದೊಂದನ್ನೇ ಬೆರಳಿಟ್ಟು ಓದಿದರು. ಗೆರೆಗಳನ್ನು ನೋಡಿ ಚೆನ್ನಾಗಿ ಇಟ್ಟಿದ್ದೀರಿ ಎಂದರು. ಆಮೇಲೆ ಕೇಳಿದರು.

“ಎಲ್ಲ ಹೊರಗಿನವರು. ಒಂದೊಂದು ಸಲ ಬಂದವರು. ಊರಿನವರು ಯಾರೂ ಹೋಗುವುದಿಲ್ವಾ?”

“ನಾನು ದಿನಾ ಹೋಗ್ತೇನೆ.”

ಮೇಡಂ ಪುಟಗಳನ್ನು ಮತ್ತೆ ತಿರುಗಿಸಿದರು. “ನಿಮ್ಮ ಹೆಸರೇ ಇಲ್ಲವಲ್ಲ ಇದರಲ್ಲಿ.”

“ಪುಸ್ತಕ ಹಿಡಿದವ ತನ್ನ ಹೆಸರು ತಾನು ಬರೀಲಿಕ್ಕೆ ಇಲ್ಲ ಮೇಡಂ.”

ಸಭೆಯಲ್ಲಿ ಎಲ್ಲರೂ ನಕ್ಕರು. ಅದು ಕೆಟ್ಟ ನಗುವಾಗಿರಲಿಲ್ಲ, ಆದರೆ ಬೇಗ ನಿಲ್ಲಲೂ ಇಲ್ಲ. ಅವರು ದಿನಾ ಹೋಗುವುದನ್ನು ನಾನು ಬೇಲಿಯಾಚೆಯಿಂದ ನೋಡಿದ್ದೇನೆ ಎಂದು ಆಗ ಎದ್ದು ಹೇಳಬಹುದಿತ್ತು. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಸರಿಯಾಗಿ ಜೋಡಿಸಿಯೂ ಇದ್ದೆ. ಅಷ್ಟರಲ್ಲಿ ಮೇಡಂ ಮುಂದಿನ ವಿಷಯಕ್ಕೆ ಹೋಗಿದ್ದರು. ಏಪ್ರಿಲ್ ಹತ್ತರಂದು ತಾನೇ ಬಂದು ಸ್ಥಳ ಪರಿಶೀಲನೆ ಮಾಡುತ್ತೇನೆ, ಕಂಡದ್ದನ್ನು ಬರೆಯುತ್ತೇನೆ, ಅದರ ಮೇಲೆ ತೀರ್ಮಾನ ಎಂದರು.

ಆ ದಿನ ಮನೆಗೆ ಬಂದು ನಾನು ಶಿಶಿರ್ ಸರ್‌ಗೆ ಒಂದು ಸಂದೇಶ ಬರೆದೆ. ಮಾತಾಡುವುದಕ್ಕಿಂತ ಬರೆಯುವುದು ನನಗೆ ಸುಲಭ. ನಡೆದದ್ದನ್ನು ಕ್ರಮವಾಗಿ ಬರೆದು ನಾಲ್ಕು ಸಲ ಓದಿ ಕಳಿಸಿದೆ. ಎರಡು ದಿನ ಉತ್ತರ ಬರಲಿಲ್ಲ. ಏಪ್ರಿಲ್ ಮೂರರಂದು ಬಂತು. ನಿನ್ನೆ ಬಂದು ಹೊಸ ಡಬ್ಬಿ ಇಟ್ಟಿದ್ದೇನೆ, ಮೋರಿಯಲ್ಲಿ ಅಲ್ಲ, ಆ ತುಂಡಿನಲ್ಲೇ ಬೇರೆ ಕಡೆ. ಡೊಂಬಯ್ಯಣ್ಣನಿಗೆ ಜಾಗ ಹೇಳುವುದಿಲ್ಲ. ಅವರೂ ಎಲ್ಲರ ಹಾಗೆ ಹುಡುಕಲಿ. ಪುಸ್ತಕದ ಮೊದಲ ಸಾಲು ಖಾಲಿ ಇದೆ, ಮೊದಲು ಸಿಕ್ಕಿದವರು ಬರೆಯಲಿ. ಜೊತೆಗೆ ಅಕ್ಷಾಂಶ ರೇಖಾಂಶದ ಎರಡು ಸಾಲು ಅಂಕಿಗಳು. ನನ್ನ ಫೋನು ಮೈಲುಕಲ್ಲಿನ ಆಚೆ ಈಚೆ ಸೇರಿ ಒಂಬತ್ತು ಮೀಟರಿನವರೆಗೆ ತೋರಿಸಿತು. ಮರಗಳ ಕೆಳಗೆ ಅದಕ್ಕಿಂತ ಹತ್ತಿರ ತೋರಿಸಲಿಕ್ಕೆ ಆಗುವುದಿಲ್ಲ.

ಡೊಂಬಯ್ಯಣ್ಣ ಇದನ್ನು ಕೇಳಿ ಮೊದಲು ನಕ್ಕರು. ಒಂಬತ್ತು ಮೀಟರ್ ಅಂದರೆ ಎಷ್ಟು ಅಡಿ ಎಂದು ಕೇಳಿದರು. ಮೂವತ್ತು ಎಂದೆ. ಮೂವತ್ತು ಅಡಿ ಮಾರ್ಗದಲ್ಲಿ ನನಗೆ ಗೊತ್ತಿಲ್ಲದ ಜಾಗ ಇಲ್ಲ, ಕಾಫಿ ಕುಡಿಯುವುದರೊಳಗೆ ತರ್ತೇನೆ ಎಂದು ಹೋದರು.

ಹನ್ನೊಂದು ಗಂಟೆಗೆ ಬರಿಗೈಯಲ್ಲಿ ಬಂದರು. ಮಧ್ಯಾಹ್ನ ಮತ್ತೆ ಹೋದರು. ಮರುದಿನ ಮೈಲುಕಲ್ಲಿನ ಬುಡ, ಮೋರಿಯ ಹತ್ತೊಂಬತ್ತು ಸಂದುಗಳು, ಹಲಸಿನ ಮರದ ಬೊಡ್ಡೆ, ತಂತಿಬೇಲಿಯ ಕಂಬಗಳು ಎಲ್ಲ ನೋಡಿದರು. ನಾನು ಫೋನು ಹಿಡಿದು ಹೋಗುತ್ತಿದ್ದೆ. ಅದು ಒಮ್ಮೆ ಮಾರ್ಗದ ಎಡಕ್ಕೆ ಎನ್ನುತ್ತಿತ್ತು, ಒಮ್ಮೆ ಬಲಕ್ಕೆ. ಅವರು ಅದನ್ನು ನೋಡಿ, ನಿನ್ನ ಫೋನಿಗೆ ಕಣ್ಣು ಸರಿ ಇಲ್ಲ ಎಂದರು. ಸಂಜೆಗೆ ಕಾವೇರಮ್ಮ ಬುತ್ತಿ ತಂದು ಅಲ್ಲಿಯೇ ಇಟ್ಟರು.

“ಮೂವತ್ತು ಅಡಿ ಮುಗೀಲಿಲ್ವಾ ಇನ್ನು?”

“ಅವನು ಇಡಲೇ ಇಲ್ಲ. ಸುಮ್ಮನೆ ಆಟ ಆಡಿಸ್ತಾನೆ.”

“ಆಟವೇ ಅಲ್ವಾ ಅದು?”

ಅವರು ಅನ್ನ ಕಲಸುತ್ತಾ ಚರಂಡಿಯನ್ನೇ ನೋಡುತ್ತಿದ್ದರು. ಆರು ದಿನ ಹೀಗೇ ಹೋಯಿತು. ಪರಿಶೀಲನೆಗೆ ಮೊದಲು ಹುಲ್ಲು ಕೀಳಬೇಕು, ಕಲ್ಲಿಗೆ ಸುಣ್ಣ ಬಳಿಯಬೇಕು ಎಂದು ಇಟ್ಟುಕೊಂಡಿದ್ದ ಕೆಲಸವೆಲ್ಲ ಹಿಂದುಳಿಯಿತು. ರಾತ್ರಿ ನಿದ್ದೆಯಲ್ಲೂ ಅವರ ಬೆರಳು ಹೊದಿಕೆಯನ್ನು ಕೆದಕುತ್ತದೆ ಎಂದು ಕಾವೇರಮ್ಮ ನನ್ನ ಅಮ್ಮನಿಗೆ ಹೇಳಿದರಂತೆ.

ಏಪ್ರಿಲ್ ಹತ್ತರ ಬೆಳಿಗ್ಗೆ ಹತ್ತು ಗಂಟೆಗೆ ಪಿಡಿಒ ಮೇಡಂ ಸ್ಕೂಟರಿನಲ್ಲಿ ಬಂದರು. ಮಾರ್ಗದ ಬಾಯಿಯಲ್ಲಿ ಅಸ್ಕರ್‌ನ ಟಿಪ್ಪರ್ ಮಣ್ಣು ತುಂಬಿಕೊಂಡು ನಿಂತಿತ್ತು. ತೀರ್ಮಾನವಾದ ಕೂಡಲೇ ಮೊದಲ ಲೋಡು ಇಲ್ಲೇ ಹಾಕುವ ಎಂದು ಯಾರೋ ಅವನಿಗೆ ಹೇಳಿದ್ದರು. ಡೊಂಬಯ್ಯಣ್ಣನಿಗೆ ಸ್ಕೂಟರಿನ ಶಬ್ದ ಕೇಳಿಸಲಿಲ್ಲ. ಅವರು ಮೈಲುಕಲ್ಲಿನ ಹಿಂದೆ ಚರಂಡಿಯಲ್ಲಿ ಮೊಣಕಾಲೂರಿ, ಮೊಣಕೈವರೆಗೆ ತೋಳನ್ನು ಒಂದು ಪೊಟರೆಯೊಳಗೆ ಹಾಕಿದ್ದರು.

“ಎಂತ ಬಿದ್ದದ್ದು ಡೊಂಬಯ್ಯಣ್ಣ?” ಎಂದು ಮೇಡಂ ಕೇಳಿದರು.

ಅವರು ತಿರುಗಿ ನೋಡಿದರು. ಡಬ್ಬಿ ಎಂದು ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ, ಆಟ ಮತ್ತೆ ಕೆಡುತ್ತದೆ, ಮತ್ತೆ ಅದು ಪಟ್ಟಿಯಿಂದ ಹೋಗುತ್ತದೆ. ಇದೆಲ್ಲ ಅವರ ಮುಖದಲ್ಲಿ ನನಗೆ ಕಂಡಿತು ಎಂದು ಬರೆದರೆ ಹೆಚ್ಚಾದೀತು. ಅವರು ಸ್ವಲ್ಪ ತಡೆದರು, ಅಷ್ಟು ನಿಜ.

“ಎಂತ ಇಲ್ಲ ಮೇಡಂ. ಹಾಗೇ ಸುಮ್ಮನೆ.”

ಮೇಡಂ ನಂಬಲಿಲ್ಲ. ಉಂಗುರ ಬಿತ್ತಾ ಎಂದು ಕೇಳುತ್ತಾ ಚಪ್ಪಲಿ ಬದಿಗಿಟ್ಟು ತಾವೂ ಬಗ್ಗಿ ನೋಡಿದರು. ಅಸ್ಕರ್ ಟಿಪ್ಪರಿನಿಂದ ಇಳಿದು ಬಂದ. ಕೀಲಿಯಾ, ಪರ್ಸಾ ಎಂದು ಕೇಳಿದ, ಉತ್ತರ ಬಾರದಿದ್ದರೂ ಹುಡುಕತೊಡಗಿದ. ಹೆದ್ದಾರಿಯಲ್ಲಿ ಹೋಗುತ್ತಿದ್ದ ರಿಕ್ಷಾ ಒಂದು ನಿಂತಿತು. ಅದರಲ್ಲಿದ್ದ ಮೂವರು ಇಳಿದು ಬಂದರು. ಟಿಪ್ಪರ್ ನಿಂತದ್ದನ್ನು ನೋಡಿ ಅವಘಡ ಎಂದುಕೊಂಡು ಮತ್ತಿಬ್ಬರು ಬಂದರು. ಅರ್ಧ ಗಂಟೆಯಲ್ಲಿ ನನ್ನನ್ನು ಸೇರಿಸಿ ಎಂಟು ಜನ ಆ ಮೂವತ್ತು ಅಡಿಯಲ್ಲಿ ಬಗ್ಗಿ ಏನನ್ನೋ ಹುಡುಕುತ್ತಿದ್ದೆವು. ಏನು ಬಿದ್ದದ್ದು ಎಂದು ಅವರಲ್ಲಿ ಏಳು ಜನರಿಗೆ ಗೊತ್ತಿರಲಿಲ್ಲ.

ಡೊಂಬಯ್ಯಣ್ಣ ಒಬ್ಬರೇ ನೆಟ್ಟಗೆ ನಿಂತಿದ್ದರು, ಮುಖ ಕೆಂಪಗಾಗಿತ್ತು. ಆರು ದಿನದ ಮೇಲೆ ಬೇರೆ ಯಾರ ಕೈಗಾದರೂ ಅದು ಸಿಕ್ಕಿಬಿಟ್ಟರೆ? ಅದಕ್ಕಿಂತ ಮೊದಲು ಚರಂಡಿಯ ಅಂಚು ಉಳಿಯಬೇಕಲ್ಲ?

“ಅಸ್ಕರ್, ಅಲ್ಲಿ ಮೆಟ್ಟಬೇಡ. ಅದು ನಿನ್ನೆ ಕಟ್ಟಿದ್ದು.”

ಡಬ್ಬಿ ಯಾರಿಗೂ ಸಿಗಲಿಲ್ಲ. ಮೇಡಂ ಕೈ ಒರೆಸಿಕೊಂಡು, ಮೈಲುಕಲ್ಲಿನ ಮೇಲೆ ಕಾಗದ ಇಟ್ಟು ನಿಂತಲ್ಲೇ ಬರೆದರು. ನಾನು ಹತ್ತಿರ ಇದ್ದುದರಿಂದ ಓದಲಿಕ್ಕಾಯಿತು. ‘ಪರಿಶೀಲನೆಯ ವೇಳೆ ಸದರಿ ಮಾರ್ಗದಲ್ಲಿ ಸಾರ್ವಜನಿಕರು ಕಂಡುಬಂದಿರುತ್ತಾರೆ. ಚರಂಡಿ, ಮೋರಿ ಸುಸ್ಥಿತಿಯಲ್ಲಿವೆ. ಬಳಕೆಯ ಕುರಿತು ಇನ್ನಷ್ಟು ದಾಖಲೆ ಪಡೆದು ಮುಂದಿನ ಸಭೆಯಲ್ಲಿ ತೀರ್ಮಾನಿಸುವುದು.’ ಮಣ್ಣು ಬೀಳುವುದಿಲ್ಲ ಎಂದು ಅದರಲ್ಲಿ ಇರಲಿಲ್ಲ, ಬೀಳುತ್ತದೆ ಎಂದೂ ಇರಲಿಲ್ಲ. ಅಸ್ಕರ್ ಲೋಡು ತೆಗೆದುಕೊಂಡು ಎಂಟು ಕಿಲೋಮೀಟರ್ ಹೋದ. ಹೋಗುವಾಗ, ಬಿದ್ದದ್ದು ಸಿಕ್ಕಿದರೆ ಫೋನು ಮಾಡಿ ಎಂದ.

ಎಲ್ಲರೂ ಹೋದ ಮೇಲೆ ಡೊಂಬಯ್ಯಣ್ಣ ಚರಂಡಿಯನ್ನು ನೋಡಿದರು. ಎರಡು ಕಡೆ ಅಂಚು ಜರಿದಿತ್ತು, ಹುಲ್ಲೆಲ್ಲ ಮೆಟ್ಟಿ ಹೋಗಿತ್ತು. ಇನ್ನೂ ಮೂರು ತಿಂಗಳು ಇದೇ ಗೋಳು ಎಂದು ಬೈದರು. ಯಾರನ್ನು ಬೈದದ್ದು ಎಂದು ನನಗೆ ತಿಳಿಯಲಿಲ್ಲ. ಶಿಶಿರ್ ಸರ್ ಅವರನ್ನು ಇರಬಹುದು, ಮೇಡಂ ಅವರನ್ನು ಇರಬಹುದು. ಹಾರೆ ತೆಗೆದುಕೊಂಡು ಅಂಚು ಕಟ್ಟಲು ಶುರುಮಾಡಿದರು. ಎರಡು ಬುಟ್ಟಿ ಮಣ್ಣು ಹಾಕಿದ ಮೇಲೆ ನಿಲ್ಲಿಸಿ, ಚೀಲದಿಂದ ಹಾಜರಿ ಪುಸ್ತಕವನ್ನು ತೆಗೆದು ನನ್ನ ಕೈಗೆ ಕೊಟ್ಟರು.

“ಇನ್ನು ಇದು ನಿನ್ನ ಹತ್ತಿರ ಇರಲಿ ಮಾರಾಯ್ತಿ. ಪುಸ್ತಕ ನೀನು ಹಿಡಿದರೆ ನನ್ನ ಹೆಸರು ಬರೀಬಹುದು.”

ನಾನು ಹದಿನೈದನೆಯ ಕ್ರಮಸಂಖ್ಯೆ ಹಾಕಿ, ತಾರೀಕು ಬರೆದು, ಡೊಂಬಯ್ಯ ಗೌಡ ಎಂದು ಬರೆದೆ. ತಂದೆಯ ಹೆಸರು ಕೇಳಿದೆ, ಹೇಳಿದರು. ಊರು ಬರೆದೆ. ಬಂದ ಕಾರಣ ಎಂಬಲ್ಲಿ ಪೆನ್ನು ನಿಲ್ಲಿಸಿದೆ. ಅವರು ಹಾರೆಯ ಕಾವಿನ ಮೇಲೆ ಗಲ್ಲ ಊರಿ ಯೋಚಿಸಿದರು.

“ಹುಡುಕಲಿಕ್ಕೆ ಬಂದದ್ದು ಅಂತ ಬರಿ. ಸಿಗಲಿಲ್ಲ ಅಂತಲೂ ಬರಿ. ಸುಳ್ಳು ಬೇಡ.”

ಬರೆದೆ. ಅವರು ಮಣ್ಣಿನ ಕೈಯನ್ನು ಲುಂಗಿಗೆ ಒರೆಸಿ ಸಹಿ ಹಾಕಿದರು. ಆಮೇಲೆ ನಾನು ಬರೆದ ಸಾಲನ್ನು ಹತ್ತಿರ ಹಿಡಿದು ನೋಡಿ, ಅಕ್ಷರ ಗೆರೆಗೆ ತಾಗಿದೆ, ನಾಳೆಯಿಂದ ಸ್ವಲ್ಪ ಮೇಲೆ ಬರಿ ಎಂದು ಹೇಳಿ ಮತ್ತೆ ಚರಂಡಿಗೆ ಇಳಿದರು.